ಸಂಸ್ಥಾನಾಂತರ ಹೋದವನ ವರಮಾನ ತೆರಿಗೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ವರಮಾನದ ಮೇಲೆ ತೆರಿಗೆಯನ್ನೆತ್ತುವ ಅಧಿಕಾರವು ಇಬ್ಬಗೆಯಾಗಿದೆ. ಇಡೀ ರಾಷ್ಟ್ರವನ್ನಾಳುವ ಒಕ್ಕೂಟದ ಸರಕಾರಕ್ಕೆ ಒಂದು ಅಧಿಕಾರ. ಅದರ ಅಂಗಗಳಾದ ಐವತ್ತು ಸಂಸ್ಥಾನಗಳಲ್ಲಿ ಪ್ರತಿಯೊಂದಕ್ಕೂ ಬೇರೊಂದು ಅಧಿಕಾರ. ಟೆಕ್ಸಾಸ್, ಫ್ಲಾರಿಡಾ ಮೊದಲಾದ ಕೆಲವು ಸಂಸ್ಥಾನಗಳು ಈ ತೆರಿಗೆಯನ್ನು ವಿಧಿಸುವುದಿಲ್ಲ. ಉಳಿದ ಬಹುಪಾಲು ಸಂಸ್ಥಾನಗಳು ವಿಧಿಸುತ್ತವೆ. ಆದುದರಿಂದ ಜೂನ್ ತಿಂಗಳ ಕೊನೆಯವರೆಗೆ ನ್ಯೂಯಾರ್ಕಿನಲ್ಲಿದ್ದು ಜುಲೈನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಸಂಸಾರವನ್ನು ಸಾಗಿಸಿದವನು ಮರುವರ್ಷದ ಏಪ್ರಿಲ್ ೧೫ರೊಳಗೆ ಮೂರು ಲೆಕ್ಕಪತ್ರಗಳನ್ನು ಒಪ್ಪಿಸಬೇಕಾಗುತ್ತದೆ: ಒಕ್ಕೂಟಕ್ಕೊಂದು, ಬಿಟ್ಟುಬಂದ ಸಂಸ್ಥಾನಕ್ಕೊಂದು, ಬಂದು ಸೇರಿದ ಸಂಸ್ಥಾನಕ್ಕೊಂದು. ಅಲ್ಲಿ ಉದ್ಯೋಗನಿಮಿತ್ತವಾಗಿ ನೆಲಸಿರುವ ನಮ್ಮ ಕನ್ನಡಿಗರಲ್ಲಿ ಹಲವರಿಗೆ ಇದು ಅನುಭವಸಿದ್ಧವಾದ ಸಂಗತಿ.

ಮೇಲುನೋಟಕ್ಕೆ ಇದು ಗುಮಾಸ್ತರ ಕೆಲಸ. ವಿದ್ವಾಂಸರು ಚರ್ಚಿಸತಕ್ಕ ವಿಷಯವಲ್ಲವೆಂದು ತೋರಬಹುದು. ಆದರೆ ಈ ಮೂರು ಕಾಗದಗಳ ಹಿಂದೆ ಎರಡು ಹಳೆಯ ಪ್ರಶ್ನೆಗಳು ನಿಂತಿವೆ. ಕರವು ಪುರುಷನನ್ನು ಅನುಸರಿಸತಕ್ಕದ್ದೋ, ಧನವು ಹುಟ್ಟಿದ ನೆಲವನ್ನು ಅನುಸರಿಸತಕ್ಕದ್ದೋ ಎಂಬುದು ಮೊದಲನೆಯದು. ವರ್ಷವೆಂಬ ಒಂದೇ ಕಾಲಖಂಡದ ನಡುವೆ ಪುರುಷನು ನೆಲವನ್ನು ಬದಲಿಸಿದರೆ ಆ ವರ್ಷವನ್ನು ಯಾವ ನ್ಯಾಯದಿಂದ ಒಡೆಯಬೇಕೆಂಬುದು ಎರಡನೆಯದು. ಇವಕ್ಕೆ ಅಮೆರಿಕಾದ ನ್ಯಾಯಸ್ಥಾನಗಳು ಕೊಟ್ಟ ಉತ್ತರಗಳ ಚರಿತ್ರೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡುವ ಉದ್ದೇಶವಿದೆ.

ಕರ ಕೊಡುವವನು ಸ್ಥಳವನ್ನು ಬದಲಿಸಿದಾಗ ಪ್ರಭುತ್ವಕ್ಕೆ ಉಂಟಾಗುವ ಶಂಕೆ ಹೊಸದಲ್ಲ. ಕೌಟಿಲ್ಯನು ಅರ್ಥಶಾಸ್ತ್ರದ ಮೂರನೆಯ ಅಧಿಕರಣದ ಹತ್ತನೆಯ ಅಧ್ಯಾಯದಲ್ಲಿ, ಕರದರು ತಮ್ಮ ಭೂಮಿಯನ್ನು ಕರದರಿಗೇ ಮಾರಬೇಕು ಅಥವಾ ಒತ್ತೆಯಿಡಬೇಕೆಂದೂ, ಕರದನು ಅಕರದರ ಗ್ರಾಮವನ್ನು ಹೊಕ್ಕು ನೆಲಸಿದರೆ ಅವನಿಗೆ ಪೂರ್ವಸಾಹಸದಂಡವೆಂದೂ ವಿಧಿಸಿದ್ದಾನೆ. ತೆರಿಗೆಯಿಲ್ಲದ ಊರಿಗೆ ಒಕ್ಕಲು ಹೋದರೆ ಬೊಕ್ಕಸಕ್ಕೆ ಹಾನಿಯೆಂಬ ಭಯವೇ ಇದಕ್ಕೆ ಮೂಲವೆಂಬುದು ಸ್ಪಷ್ಟ. ಈ ಗ್ರಂಥವನ್ನು ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅಚ್ಚುಮಾಡಿ ಲೋಕಕ್ಕೆ ಕೊಟ್ಟದ್ದು ೧೯೦೯ರಲ್ಲಿ. ಮುಂದೆ ನಾವು ಹೇಳಲಿರುವ ವಿಸ್ಕಾನ್ಸಿನ್ ಸಂಸ್ಥಾನದ ಶಾಸನವು ಹುಟ್ಟಿದ್ದು ೧೯೧೧ರಲ್ಲಿ. ಈ ಸಾಮೀಪ್ಯವು ಕೇವಲ ಕಾಕತಾಳೀಯ. ಇದಕ್ಕಿಂತ ಹೆಚ್ಚಿನ ಸಂಬಂಧವನ್ನು ಕಲ್ಪಿಸುವುದು ತಪ್ಪಾದೀತು.

ಕೌಟಿಲ್ಯನ ಉಪಾಯವು ಅಮೆರಿಕಾದಲ್ಲಿ ನಡೆಯುವಂತಿರಲಿಲ್ಲ. ಒಮ್ಮೆ ಅದನ್ನು ಹೋಲುವ ಪ್ರಯತ್ನವೇನೋ ನಡೆಯಿತು. ನೆವಾಡಾ ಸಂಸ್ಥಾನವು ೧೮೬೫ರಲ್ಲಿ, ಬಾಡಿಗೆಯ ಗಾಡಿಯಲ್ಲಾಗಲಿ ರೈಲಿನಲ್ಲಾಗಲಿ ಸಂಸ್ಥಾನವನ್ನು ಬಿಟ್ಟು ಹೊರಡುವ ಪ್ರತಿಯೊಬ್ಬ ಪ್ರಯಾಣಿಕನ ತಲೆಗೆ ಒಂದು ಡಾಲರಿನಂತೆ ತೆರಿಗೆಯನ್ನು ಹಾಕಿತು. ಕುದುರೆಗಾಡಿಯ ಕಂಪೆನಿಯೊಂದರ ಏಜೆಂಟನಾಗಿದ್ದ ಕ್ರಾಂಡಲ್ ಎಂಬವನು ಪ್ರಯಾಣಿಕರ ಲೆಕ್ಕವನ್ನು ಒಪ್ಪಿಸಲು ನಿರಾಕರಿಸಿದನು. ವ್ಯಾಜ್ಯವು ಒಕ್ಕೂಟದ ಸುಪ್ರೀಂ ಕೋರ್ಟಿನವರೆಗೆ ಹೋಗಿ, ೧೮೬೮ರಲ್ಲಿ ಆ ತೆರಿಗೆಯು ಅಸಾಧುವೆಂದು ತೀರ್ಮಾನವಾಯಿತು. ಪ್ರಜೆಯು ರಾಷ್ಟ್ರದ ಯಾವ ಭಾಗಕ್ಕಾದರೂ ಹೋಗಿಬರಬಲ್ಲ ಹಕ್ಕುಳ್ಳವನು. ಒಂದು ಡಾಲರನ್ನು ಹಾಕಬಲ್ಲ ಸಂಸ್ಥಾನವು ಸಾವಿರ ಡಾಲರನ್ನೂ ಹಾಕಬಲ್ಲುದು ಎಂಬುದು ಅಲ್ಲಿಯ ಯುಕ್ತಿಯ ಸಾರ. ಹೊರಡುವವನನ್ನು ತಡೆಯುವಂತಿಲ್ಲ, ಹೊರಟುದಕ್ಕಾಗಿ ದಂಡಿಸುವಂತಿಲ್ಲ. ಹೊರಡುವ ಮುನ್ನ ಗಳಿಸಿದ್ದರ ಪಾಲನ್ನು ಮಾತ್ರ ಕೇಳಬಹುದು. ಮುಂದಿನ ಚರಿತ್ರೆಯೆಲ್ಲ ಈ ಮೇರೆಯೊಳಗೆ ನಡೆದುದು.

ಹತ್ತೊಂಬತ್ತನೆಯ ಶತಮಾನದಲ್ಲಿ ವರ್ಜೀನಿಯಾ ಮೊದಲಾದ ಹಲವು ಸಂಸ್ಥಾನಗಳು ವರಮಾನ ತೆರಿಗೆಯನ್ನು ಪರೀಕ್ಷಿಸಿ ನೋಡಿದುವು, ಉತ್ಪತ್ತಿಯು ಅತ್ಯಲ್ಪವಾಗಿತ್ತು. ಡೆಲಾಸ್ ಕಿನ್ಸ್‌ಮನ್ ಎಂಬ ಅರ್ಥಶಾಸ್ತ್ರಜ್ಞನು ೧೯೦೩ರಲ್ಲಿ ಈ ಪ್ರಯತ್ನಗಳೆಲ್ಲವನ್ನೂ ಕುರಿತು ಒಂದು ಪುಸ್ತಕವನ್ನು ಬರೆದು, ಅವೆಲ್ಲ ವಿಫಲವಾದುವೆಂದು ತೋರಿಸಿದನು. ತನ್ನ ನೆರೆಹೊರೆಯವರ ಓಟಿನಿಂದ ಆರಿಸಿಬಂದ ಸ್ಥಳೀಯ ಅಧಿಕಾರಿಯು ಆ ನೆರೆಹೊರೆಯವರ ಆದಾಯವನ್ನೇ ಕಟ್ಟುನಿಟ್ಟಾಗಿ ಗೊತ್ತುಮಾಡುವನೆಂದು ನಿರೀಕ್ಷಿಸುವುದು ಹೇಗೆ? ಆಶ್ಚರ್ಯವೇನೆಂದರೆ, ಮುಂದೆ ವಿಸ್ಕಾನ್ಸಿನ್ನಿನ ಶಾಸನದ ಕರಡನ್ನು ಸಿದ್ಧಪಡಿಸುವುದರಲ್ಲಿ ಅದೇ ಕಿನ್ಸ್‌ಮನ್ನನ ಕೈಯೂ ಇತ್ತು. ರೋಗದ ನಿದಾನವನ್ನು ಬಲ್ಲವನೇ ಔಷಧವನ್ನೂ ಯೋಜಿಸಿದಂತಾಯಿತು. ೧೯೧೧ರ ಆ ಶಾಸನದಲ್ಲಿ ತೆರಿಗೆಯನ್ನು ಗೊತ್ತುಮಾಡುವ ಅಧಿಕಾರಿಗಳನ್ನು ಸಂಸ್ಥಾನದ ತೆರಿಗೆ ಆಯೋಗವೇ ನೇಮಿಸಿತು. ತೆರಿಗೆಯ ದರವು ನೂರಕ್ಕೆ ಒಂದರಿಂದ ಆರರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಇದು ಸಫಲವಾಯಿತು, ೧೯೧೬ರಲ್ಲಿ ಮ್ಯಾಸಚುಸೆಟ್ಸ್, ೧೯೧೯ರಲ್ಲಿ ನ್ಯೂಯಾರ್ಕ್ ಇದೇ ದಾರಿಯನ್ನು ಹಿಡಿದುವು. ಅಲ್ಲಿಗೆ ನಮ್ಮ ಪ್ರಶ್ನೆಯೂ ಹುಟ್ಟಿತು. ಏಕೆಂದರೆ ಬೇರೆಬೇರೆ ಸಂಸ್ಥಾನಗಳು ವರಮಾನವನ್ನು ಕೇಳತೊಡಗಿದಾಗ, ಗಡಿಯನ್ನು ದಾಟುವವನು ಯಾರವನೆಂಬ ವಿವಾದವು ತಾನಾಗಿ ಬರುತ್ತದೆ.

೧೯೨೦ನೆಯ ಇಸವಿಯ ಮಾರ್ಚ್ ೧ರಂದು ಸುಪ್ರೀಂ ಕೋರ್ಟು ಎರಡು ತೀರ್ಪುಗಳನ್ನು ಒಟ್ಟಿಗೆ ಕೊಟ್ಟಿತು. ಎರಡನ್ನೂ ಬರೆದವರು ನ್ಯಾಯಮೂರ್ತಿ ಪಿಟ್ನಿ. ಮೊದಲನೆಯದರಲ್ಲಿ, ಇಲಿನಾಯ್ ಸಂಸ್ಥಾನದ ನಿವಾಸಿಯಾದ ಶೇಫರ್ ಎಂಬವನಿಗೆ ಒಕ್ಲಹೋಮಾದಲ್ಲಿ ಎಣ್ಣೆಬಾವಿಗಳ ವ್ಯಾಪಾರವಿತ್ತು. ತಾನು ಪರಸಂಸ್ಥಾನದವನು, ತನ್ನ ವರಮಾನವನ್ನು ಒಕ್ಲಹೋಮಾ ಮುಟ್ಟಲಾಗದೆಂದು ಅವನ ವಾದ. ಬಾವಿಯಿರುವುದು ಅಲ್ಲಿ, ಅದಕ್ಕೆ ರಕ್ಷಣೆ ಕೊಡುವ ಸಂಸ್ಥಾನವು ಅದು. ಆದುದರಿಂದ ಅಲ್ಲಿ ಹುಟ್ಟಿದ ವರಮಾನದಲ್ಲಿ ಅದಕ್ಕೆ ಪಾಲುಂಟೆಂದು ಕೋರ್ಟು ಹೇಳಿತು. ಎರಡನೆಯ ವ್ಯಾಜ್ಯವು ಇನ್ನೂ ರುಚಿಕರವಾದುದು. ಕನೆಕ್ಟಿಕಟ್ಟಿನ ಯೇಲ್ ಆಂಡ್ ಟೌನ್ ಎಂಬ ಕಂಪೆನಿಗೆ ನ್ಯೂಯಾರ್ಕಿನಲ್ಲಿ ಕಚೇರಿಯಿತ್ತು; ಅಲ್ಲಿಯ ನೌಕರರಲ್ಲಿ ಕೆಲವರು ಕನೆಕ್ಟಿಕಟ್ಟಿನಲ್ಲೂ ನ್ಯೂಜೆರ್ಸಿಯಲ್ಲೂ ವಾಸವಾಗಿದ್ದು ಕೆಲಸಕ್ಕೆ ಮಾತ್ರ ನ್ಯೂಯಾರ್ಕಿಗೆ ಬರುತ್ತಿದ್ದರು. ನ್ಯೂಯಾರ್ಕ್ ಸಂಸ್ಥಾನವು ತನ್ನ ನಿವಾಸಿಗಳಲ್ಲಿ ಒಂಟಿಯಾದವನಿಗೆ ೧,೦೦೦ ಡಾಲರನ್ನೂ ಸಂಸಾರಿಗೆ ೨,೦೦೦ ಡಾಲರನ್ನೂ ತೆರಿಗೆಯಿಲ್ಲದೆ ಬಿಟ್ಟು, ಹೊರಗಿನವರಿಗೆ ಈ ಸೌಕರ್ಯವನ್ನು ಕೊಡಲಿಲ್ಲ. ಹೊರಗಿನವನಿಗೆ ಬೇರೆಡೆಯಲ್ಲಿ ನಾವು ಮುಟ್ಟದ ವರಮಾನವಿರಬಹುದಲ್ಲ ಎಂಬ ಸಮಾಧಾನವನ್ನು ಕೋರ್ಟು ಒಪ್ಪದೆ, ಒಂದು ಸಂಸ್ಥಾನದ ಪ್ರಜೆಗಳಿಗೆ ಇತರ ಸಂಸ್ಥಾನಗಳಲ್ಲಿಯೂ ಸಮಾನವಾದ ಹಕ್ಕುಬಾಧ್ಯತೆಗಳುಂಟೆಂಬ ರಾಜ್ಯಾಂಗದ ವಿಧಿಯಂತೆ ಆ ಭೇದವನ್ನು ತೆಗೆದುಹಾಕಿತು. ಹೀಗೆ ಒಂದೇ ದಿನದಲ್ಲಿ, ಹೊರಗಿನವನಿಂದ ತೆರಿಗೆಯನ್ನು ಎತ್ತಬಹುದೆಂಬುದೂ, ಹೊರಗಿನವನೆಂಬ ಕಾರಣಕ್ಕೇ ಹೆಚ್ಚಾಗಿ ಎತ್ತಬಾರದೆಂಬುದೂ ಸಿದ್ಧವಾದುವು. ಇವೆರಡರಲ್ಲಿ ಎರಡನೆಯದೇ ಹೆಚ್ಚಿನದೆಂದು ನಮ್ಮ ಅಭಿಪ್ರಾಯ. ೧೯೭೫ರಲ್ಲಿ ನ್ಯೂಹ್ಯಾಂಪ್‌ಶೈರ್ ಸಂಸ್ಥಾನವು ತನ್ನ ಜನರನ್ನು ಬಿಟ್ಟು ಹೊರಗಿನಿಂದ ಕೆಲಸಕ್ಕೆ ಬರುವವರ ಮೇಲೆ ಮಾತ್ರ ಹಾಕಿದ್ದ ತೆರಿಗೆಯು ಬಿದ್ದುಹೋದದ್ದೂ ಇದೇ ತತ್ತ್ವದಿಂದ.

ನೆಲದ ಪಕ್ಷವು ಹೀಗೆ ಗೆದ್ದಿತೆಂದಮೇಲೆ ಪುರುಷನ ಪಕ್ಷವು ಸೋತಿತೇ? ಇಲ್ಲ. ಟೆನೆಸಿಯಲ್ಲಿ ರಸ್ತೆಗಳನ್ನು ಕಟ್ಟಿಸಿ ಹಣ ಗಳಿಸಿದ ಮಿಸಿಸಿಪಿಯ ನಿವಾಸಿಯೊಬ್ಬನ ವ್ಯಾಜ್ಯದಲ್ಲಿ, ನಿವಾಸವೇ ತೆರಿಗೆಗೆ ಸಾಕಾದ ಆಧಾರವೆಂದು ೧೯೩೨ರಲ್ಲಿ ತೀರ್ಮಾನವಾಯಿತು. ನ್ಯೂಜೆರ್ಸಿಯಲ್ಲಿದ್ದ ಜಮೀನಿನ ಬಾಡಿಗೆಯ ಮೇಲೆ ನ್ಯೂಯಾರ್ಕ್ ತನ್ನ ನಿವಾಸಿಯಿಂದ ತೆರಿಗೆಯನ್ನು ತೆಗೆದುಕೊಳ್ಳಬಹುದೆಂದು ೧೯೩೭ರಲ್ಲಿ ಹೇಳಿದ್ದಾಯಿತು. ಹೀಗೆ ಒಂದೇ ಧನಕ್ಕೆ ಇಬ್ಬರು ಒಡೆಯರಾದರು. ಈ ವಿರೋಧವನ್ನು ಯಾವ ಸಿದ್ಧಾಂತವೂ ಪರಿಹರಿಸಲಿಲ್ಲ; ಒಂದು ಲೆಕ್ಕದ ಉಪಾಯವು ಪರಿಹರಿಸಿತು. ಹುಟ್ಟಿದ ನೆಲಕ್ಕೆ ಮೊದಲು ಕೊಟ್ಟ ತೆರಿಗೆಯನ್ನು ನಿವಾಸದ ಸಂಸ್ಥಾನವು ತನಗೆ ಬರತಕ್ಕದ್ದರಲ್ಲಿ ವಜಾಮಾಡುತ್ತದೆ. ಬಹುಕಾಲ ಇದು ಸಂಸ್ಥಾನಗಳು ತಾವಾಗಿ ತೋರಿಸಿದ ಔದಾರ್ಯವೆಂದು ಎಣಿಸಲ್ಪಟ್ಟಿತ್ತು.

ಅದಿರಲಿ. ನಿವಾಸವು ತೆರಿಗೆಗೆ ಆಧಾರವೆಂದಮೇಲೆ ನಿವಾಸವೆಂದರೇನು? ಅಲ್ಲಿಯ ಧರ್ಮಶಾಸ್ತ್ರಜ್ಞರು ‘ಡಾಮಿಸೈಲ್’ ಎಂದು ಕರೆಯುವ ಸ್ಥಿರನಿವಾಸಕ್ಕೆ ಎರಡು ಅಂಗಗಳುಂಟು: ಶರೀರದಿಂದ ಅಲ್ಲಿರುವುದು, ಮತ್ತು ಅದೇ ತನ್ನ ಮನೆಯೆಂಬ ಸಂಕಲ್ಪ. ಒಂದೇ ಇದ್ದರೆ ಸಾಲದು. ಹೊಸದು ಸಿದ್ಧಿಸುವವರೆಗೆ ಹಳೆಯದು ಹೋಗುವುದಿಲ್ಲವೆಂಬುದು ಇದರ ಇನ್ನೊಂದು ನಿಯಮ. ಪಾಣಿನಿಯು ಅಪಾದಾನವನ್ನು ಹೇಳುವಾಗ, ಅಗಲುವಿಕೆಯಲ್ಲಿ ಕದಲದೆ ನಿಲ್ಲುವ ಬಿಂದುವನ್ನು ಗುರುತಿಸುತ್ತಾನಷ್ಟೆ. ಅಮೆರಿಕಾದ ನ್ಯಾಯಾಧಿಪತಿಗಳು ಬಿಟ್ಟುಬಂದ ಸಂಸ್ಥಾನವನ್ನು ಸುಮಾರಾಗಿ ಆ ರೀತಿಯಲ್ಲೇ ನೋಡುತ್ತಾರೆ.

ಸಂಕಲ್ಪವು ಮನಸ್ಸಿನ ಧರ್ಮವಾದುದರಿಂದ ಅದನ್ನು ಸಾಧಿಸುವ ಕಷ್ಟವು ಬಹಳ. ಇದಕ್ಕೆ ಎರಡು ಪ್ರಸಿದ್ಧ ನಿದರ್ಶನಗಳಿವೆ. ಇವು ಮೃತರ ಆಸ್ತಿಯ ಮೇಲಣ ತೆರಿಗೆಗೆ ಸೇರಿದುವಾದರೂ ನಿವಾಸದ ವಿಚಾರವು ಒಂದೇ. ಕ್ಯಾಂಪ್‌ಬೆಲ್ ಸೂಪ್ ಕಂಪೆನಿಯ ಅಧ್ಯಕ್ಷನಾಗಿದ್ದ ಜಾನ್ ಡಾರನ್ಸನಿಗೆ ನ್ಯೂಜೆರ್ಸಿಯ ಸಿನಮಿನ್ಸನ್ನಿನಲ್ಲಿ ಒಂದು ಮನೆ, ಪೆನ್ಸಿಲ್ವೇನಿಯಾದ ರ‍್ಯಾಡ್ನರಿನಲ್ಲಿ ಇನ್ನೊಂದು. ಸಂಸಾರವು ಹೆಚ್ಚಾಗಿ ರ‍್ಯಾಡ್ನರಿನಲ್ಲಿರುತ್ತಿತ್ತು. ತಾನು ನ್ಯೂಜೆರ್ಸಿಯವನೇ ಎಂದು ಅವನು ಬಾಯಲ್ಲಿಯೂ ಕಾಗದದಲ್ಲಿಯೂ ಹೇಳುತ್ತಿದ್ದನು. ೧೯೩೦ರಲ್ಲಿ ಅವನು ತೀರಿಹೋದಮೇಲೆ, ಅವನು ಪೆನ್ಸಿಲ್ವೇನಿಯಾದವನೆಂದು ಪೆನ್ಸಿಲ್ವೇನಿಯಾದ ಕೋರ್ಟು ೧೯೩೨ರಲ್ಲಿ ಹೇಳಿತು. ನ್ಯೂಜೆರ್ಸಿಯವನೆಂದು ನ್ಯೂಜೆರ್ಸಿಯ ಕೋರ್ಟುಗಳು ಹೇಳಿದುವು. ಸುಪ್ರೀಂ ಕೋರ್ಟು ನಡುವೆ ಬರಲೊಪ್ಪಲಿಲ್ಲ. ಎರಡು ಸಂಸ್ಥಾನಗಳೂ ತಲಾ ಒಂದು ಕೋಟಿ ಡಾಲರಿಗೂ ಮಿಕ್ಕ ತೆರಿಗೆಯನ್ನು ತೆಗೆದುಕೊಂಡುವು. ಒಬ್ಬನೇ ಪುರುಷನಿಗೆ ಸ್ಥಿರನಿವಾಸವು ಒಂದೇ ಎಂಬ ಸೂತ್ರವನ್ನು ಇಬ್ಬರೂ ಒಪ್ಪಿಕೊಂಡೇ ಈ ಫಲಕ್ಕೆ ಬಂದರೆಂಬುದನ್ನು ಗಮನಿಸಬೇಕು.

ಎರಡನೆಯ ನಿದರ್ಶನವು ಕರ್ನಲ್ ಎಡ್ವರ್ಡ್ ಗ್ರೀನನದು. ಇವನು ಧನಸಂಗ್ರಹದಲ್ಲಿ ಹೆಸರಾದ ಹೆಟ್ಟಿ ಗ್ರೀನಳ ಮಗ. ಯೌವನದಲ್ಲಿ ಟೆಕ್ಸಾಸಿನಲ್ಲಿ ರೈಲ್ವೆಯನ್ನು ನಡಸಿದನು. ಅನಂತರ ನ್ಯೂಯಾರ್ಕಿನಲ್ಲಿ ಮನೆ, ಮ್ಯಾಸಚುಸೆಟ್ಸಿನ ಸಮುದ್ರತೀರದ ರೌಂಡ್ ಹಿಲ್ಲಿನಲ್ಲಿ ಭವ್ಯವಾದ ಬಂಗಲೆ, ಚಳಿಗಾಲಕ್ಕೆ ಫ್ಲಾರಿಡಾದಲ್ಲಿ ಮತ್ತೊಂದು. ಕೊನೆಯವರೆಗೂ ತಾನು ಟೆಕ್ಸಾಸಿನವನೆಂದೇ ಹೇಳಿಕೊಂಡನು. ೧೯೩೬ರಲ್ಲಿ ಅವನು ಸತ್ತಾಗ ನಾಲ್ಕು ಸಂಸ್ಥಾನಗಳು ಹಕ್ಕನ್ನು ಹೂಡಿದುವು. ಅವುಗಳ ಕೇಳಿಕೆಯನ್ನೂ ಒಕ್ಕೂಟದ ತೆರಿಗೆಯನ್ನೂ ಕೂಡಿಸಿದರೆ ಆಸ್ತಿಯೆಲ್ಲ ಮುಗಿದು ಇನ್ನೂ ಬಾಕಿ ನಿಲ್ಲುವಂತಿತ್ತು. ತಮ್ಮ ಪಾಲೇ ಹೋಗುವುದೆಂಬ ಭಯವು ಸಂಸ್ಥಾನಗಳಿಗೆ ಬಂದಾಗ ಮಾತ್ರ ಸುಪ್ರೀಂ ಕೋರ್ಟು ಈ ವಿವಾದವನ್ನು ಕೈಗೆತ್ತಿಕೊಂಡಿತು. ಪಾಪ, ಡಾರನ್ಸನ ಆಸ್ತಿಯು ಎರಡು ತೆರಿಗೆಗಳನ್ನೂ ತಡೆಯುವಷ್ಟು ದೊಡ್ಡದಾಗಿದ್ದುದೇ ಅವನ ವಾರಸುದಾರರ ದೌರ್ಭಾಗ್ಯ. ೧೯೩೯ರಲ್ಲಿ ನ್ಯಾಯಮೂರ್ತಿ ಸ್ಟೋನರು ಗ್ರೀನನ ನಿವಾಸವು ಮ್ಯಾಸಚುಸೆಟ್ಸೆಂದು ತೀರ್ಪುಕೊಟ್ಟರು. ಮನುಷ್ಯನು ಏನೆಂದು ಹೇಳಿಕೊಂಡನೆಂಬುದಕ್ಕಿಂತ ಎಲ್ಲಿ ಬಾಳಿದನೆಂಬುದು ಬಲವಾದ ಪ್ರಮಾಣವೆಂದು ಇದರಿಂದ ಸ್ಥಿರವಾಯಿತು. ಇಂದು ನ್ಯೂಯಾರ್ಕನ್ನು ಬಿಟ್ಟು ಫ್ಲಾರಿಡಾಕ್ಕೆ ಹೋದೆನೆಂದು ಹೇಳುವ ಧನಿಕರ ಮನೆ, ಸಾಮಾನು, ಸಂಸಾರ, ದಿನಚರಿಗಳನ್ನು ಅಧಿಕಾರಿಗಳು ಶೋಧಿಸುವ ಪದ್ಧತಿಗೆ ಇಂಥ ತೀರ್ಪುಗಳೇ ಬುನಾದಿ.

ಇನ್ನು ವರ್ಷವನ್ನು ಒಡೆಯುವ ಪ್ರಶ್ನೆ. ವರ್ಷಮಧ್ಯದಲ್ಲಿ ಹೋದವನನ್ನು ಅಲ್ಲಿಯ ಶಾಸನಗಳು ‘ವರ್ಷಾಂಶದ ನಿವಾಸಿ’ಯೆಂದು ಎಣಿಸುತ್ತವೆ, ಅವನು ಇದ್ದಷ್ಟು ಕಾಲ ನಿವಾಸಿ, ಉಳಿದ ಕಾಲ ಅನಿವಾಸಿ. ಇದನ್ನು ಲೆಕ್ಕಕ್ಕೆ ತರಲು ಎರಡು ರೀತಿಗಳು ಹುಟ್ಟಿದುವು. ಒಂದು, ಇದ್ದ ಕಾಲದ ವರಮಾನವನ್ನು ಮಾತ್ರ ಹಿಡಿದು ಕೆಳಗಿನ ದರದಿಂದ ತೆರಿಗೆಯನ್ನು ಎಣಿಸುವುದು. ಇನ್ನೊಂದು, ಇಡೀ ವರ್ಷದ ಎಲ್ಲ ಕಡೆಯ ವರಮಾನಕ್ಕೂ ಪೂರ್ಣನಿವಾಸಿಯಂತೆ ತೆರಿಗೆಯನ್ನು ಎಣಿಸಿ, ಅದರಲ್ಲಿ ತನಗೆ ಸಂಬಂಧಿಸಿದ ವರಮಾನದ ಪ್ರಮಾಣದಷ್ಟನ್ನು ತೆಗೆದುಕೊಳ್ಳುವುದು. ನ್ಯೂಯಾರ್ಕೂ ಕ್ಯಾಲಿಫೋರ್ನಿಯಾವೂ ಈ ಎರಡನೆಯ ರೀತಿಯನ್ನು ಅನುಸರಿಸುತ್ತವೆ.

ಉದಾಹರಣೆಗೆ, ಮೊದಲ ೫೦,೦೦೦ ಡಾಲರಿಗೆ ನೂರಕ್ಕೆ ನಾಲ್ಕು, ಮೇಲಿನದಕ್ಕೆ ನೂರಕ್ಕೆ ಆರು ಎಂಬ ಒಂದೇ ದರವುಳ್ಳ ಎರಡು ಸಂಸ್ಥಾನಗಳನ್ನು ಕಲ್ಪಿಸಿಕೊಳ್ಳೋಣ. ಒಬ್ಬನು ಮೊದಲನೆಯದರಲ್ಲಿ ೪೦,೦೦೦, ಎರಡನೆಯದರಲ್ಲಿ ೬೦,೦೦೦ ಗಳಿಸಿದನು. ಮೊದಲ ರೀತಿಯಂತೆ ಅವನು ಅಲ್ಲಿ ೧,೬೦೦, ಇಲ್ಲಿ ೨,೬೦೦, ಒಟ್ಟು ೪,೨೦೦ ಡಾಲರನ್ನು ಕೊಡುತ್ತಾನೆ. ಎಲ್ಲಿಗೂ ಹೋಗದೆ ಒಂದೇ ಊರಿನಲ್ಲಿ ಕೂತು ೧,೦೦,೦೦೦ ಗಳಿಸಿದ ಅವನ ಜೊತೆಗಾರನು ೫,೦೦೦ ಕೊಡುತ್ತಾನೆ. ಎರಡನೆಯ ರೀತಿಯಲ್ಲಾದರೋ ಹೋದವನು ಅಲ್ಲಿ ೨,೦೦೦, ಇಲ್ಲಿ ೩,೦೦೦, ಒಟ್ಟು ೫,೦೦೦ ಕೊಟ್ಟು ಜೊತೆಗಾರನಿಗೆ ಸಮನಾಗುತ್ತಾನೆ.

ಈ ಎರಡನೆಯ ರೀತಿಗೆ ಆಕ್ಷೇಪವು ಬಾರದೆ ಇರಲಿಲ್ಲ. ಪರಸಂಸ್ಥಾನದಲ್ಲಿ ಹುಟ್ಟಿದ ವರಮಾನವನ್ನು ಲೆಕ್ಕಕ್ಕೆ ಹಿಡಿದು ತೆರಿಗೆಯನ್ನು ಏರಿಸಿದರೆ, ಮುಟ್ಟಬಾರದ್ದನ್ನು ಮುಟ್ಟಿದಂತೆಯೇ ಅಲ್ಲವೇ? ನ್ಯೂಯಾರ್ಕಿನಲ್ಲಿ ವರಮಾನವಿದ್ದು ಹೊರಗೆ ವಾಸವಾಗಿದ್ದ ದಂಪತಿಗಳೊಬ್ಬರು ಹೀಗೆಂದು ವಾದಿಸಿದರು. ಆ ಸಂಸ್ಥಾನದ ಅತ್ಯುಚ್ಚ ನ್ಯಾಯಸ್ಥಾನವು ೧೯೯೨ರಲ್ಲಿ ವಾದವನ್ನು ತಳ್ಳಿಹಾಕಿತು. ನಮ್ಮ ಶಾಸ್ತ್ರಗಳ ಭಾಷೆಯಲ್ಲಿ ಹೇಳುವುದಾದರೆ, ಹೊರಗಿನ ವರಮಾನವು ಇಲ್ಲಿ ವಿಶೇಷಣವಲ್ಲ, ಉಪಲಕ್ಷಣ ಎಂಬುದು ಕೋರ್ಟಿನ ಪಕ್ಷ. ಕಾಗೆ ಕೂತಿರುವ ಮನೆಯೇ ದೇವದತ್ತನ ಮನೆ ಎಂದು ತೋರಿಸಿದಾಗ, ಕಾಗೆಯು ಮನೆಯ ಗುರುತೇ ಹೊರತು ಮನೆಯ ಭಾಗವಲ್ಲ; ಹಾಗೆಯೇ ಹೊರಗಿನ ವರಮಾನವು ದರದ ಗುರುತು ಮಾತ್ರ, ತೆರಿಗೆಯ ವಸ್ತುವಲ್ಲ. ದೃಷ್ಟಾಂತವು ಪೂರ್ತಿ ಹೊಂದುವುದಿಲ್ಲವೆಂಬುದು ನಿಜ. ಕಾಗೆಯು ಹಾರಿಹೋದರೂ ಮನೆಯು ಇದ್ದಂತೆಯೇ ಇರುತ್ತದೆ. ಹೊರಗಿನ ವರಮಾನವು ಇಲ್ಲವಾದರೆ ತೆರಿಗೆಯು ೨,೦೦೦ದಿಂದ ೧,೬೦೦ಕ್ಕೆ ಇಳಿಯುತ್ತದೆ. ಆದುದರಿಂದ ಉಪಲಕ್ಷಣವೆಂಬ ಸಮಾಧಾನವೊಂದರಿಂದಲೇ ಆಕ್ಷೇಪವು ತೀರದು. ಆದರೂ ತೀರ್ಪು ಯುಕ್ತವೆಂದೇ ನಮಗೆ ತೋರುತ್ತದೆ. ಏರುವ ದರವು ಪುರುಷನ ಶಕ್ತಿಯನ್ನು ಅಳೆಯುವ ಸಾಧನ. ಆ ಶಕ್ತಿಯು ವರ್ಷಕ್ಕೆ ಒಂದೇ. ಗಡಿಯನ್ನು ದಾಟಿದ ಮಾತ್ರಕ್ಕೆ ಅದು ಎರಡು ತುಂಡಾಗುವುದಿಲ್ಲ. ದಾಟಿದವನಿಗೆ ೮೦೦ ಡಾಲರಿನ ಲಾಭವನ್ನು ಕೊಡುವ ನ್ಯಾಯವೂ, ದಾಟಿದ್ದಕ್ಕಾಗಿ ಒಂದು ಡಾಲರನ್ನು ಕೀಳುವ ನೆವಾಡಾದ ಅನ್ಯಾಯವೂ ಒಂದೇ ದೋಷದ ಎರಡು ಮುಖಗಳು.

ಎರಡು ಕಾಲಗಳ ನಡುವೆ ತೂಗಾಡುವ ವರಮಾನದ್ದು ಬೇರೊಂದು ತೊಡಕು. ಹಳೆಯ ಊರಿನಲ್ಲಿ ದುಡಿದುದರ ಹಣವು ಹೊಸ ಊರಿಗೆ ಬಂದಮೇಲೆ ಕೈಸೇರಿದರೆ ಅದು ಯಾರದು? ಹೊರಡುವ ದಿನದವರೆಗೆ ಹಕ್ಕು ಸ್ಥಿರವಾದ ಹಣವನ್ನು, ಅದು ಕೈಸೇರದಿದ್ದರೂ, ಹೊರಡುವ ಮುಂಚಿನ ಲೆಕ್ಕಕ್ಕೆ ಸೇರಿಸಬೇಕೆಂದು ನ್ಯೂಯಾರ್ಕ್ ವಿಧಿಸುತ್ತದೆ. ಪಿಂಚಣಿಯ ವಿಷಯದಲ್ಲಿ ಈ ವಾದವನ್ನು ಬಹುದೂರ ಎಳೆದರು. ಕ್ಯಾಲಿಫೋರ್ನಿಯಾ ಮೊದಲಾದ ಸಂಸ್ಥಾನಗಳು ತಮ್ಮಲ್ಲಿ ದುಡಿದು ವೃದ್ಧಾಪ್ಯದಲ್ಲಿ ನೆವಾಡಾದಂಥ ನೆರೆಯ ಸಂಸ್ಥಾನಕ್ಕೆ ಹೋದವರ ಪಿಂಚಣಿಯನ್ನೂ ಬೆನ್ನಟ್ಟತೊಡಗಿದುವು. ದುಡಿಮೆಯು ಇಲ್ಲಿಯದಾದುದರಿಂದ ಫಲವೂ ಇಲ್ಲಿಯದು ಎಂಬ ತರ್ಕವು ನಿರ್ದೋಷವಾದರೂ ಜನರಿಗೆ ಅಸಹ್ಯವಾಯಿತು. ಒಕ್ಕೂಟದ ಶಾಸನಸಭೆಯು ೧೯೯೬ರ ಜನವರಿಯಲ್ಲಿ ಒಂದು ಶಾಸನವನ್ನು ಮಾಡಿ, ಹೊರಗೆ ನೆಲಸಿದವರ ನಿವೃತ್ತಿವೇತನವನ್ನು ಹಳೆಯ ಸಂಸ್ಥಾನವು ಮುಟ್ಟಬಾರದೆಂದು ನಿಲ್ಲಿಸಿತು.

ಇಷ್ಟಾದರೂ ಇಮ್ಮಡಿ ತೆರಿಗೆಯು ಹಿಂದಿನ ಮಾತಾಯಿತೆಂದು ಭಾವಿಸಬಾರದು. ಸ್ಥಿರನಿವಾಸವು ಬೇರೆಡೆ ಇದ್ದರೂ, ನ್ಯೂಯಾರ್ಕಿನಲ್ಲಿ ಶಾಶ್ವತವಾದ ವಾಸಸ್ಥಳವನ್ನಿಟ್ಟುಕೊಂಡು ವರ್ಷದಲ್ಲಿ ೧೮೩ ದಿನಗಳಿಗಿಂತ ಹೆಚ್ಚು ಅಲ್ಲಿ ಕಳೆದವನನ್ನು ಆ ಸಂಸ್ಥಾನವು ತನ್ನ ನಿವಾಸಿಯೆಂದೇ ಎಣಿಸುತ್ತದೆ. ದಿನದಲ್ಲಿ ಸ್ವಲ್ಪ ಹೊತ್ತು ಇದ್ದರೂ ಅದು ಒಂದು ದಿನವೇ. ನ್ಯೂಜೆರ್ಸಿಯಲ್ಲಿ ಸ್ಥಿರನಿವಾಸವಿದ್ದು ನ್ಯೂಯಾರ್ಕಿನಲ್ಲಿಯೂ ಮನೆಯಿಟ್ಟಿದ್ದ ಒಬ್ಬನ ಬಡ್ಡಿ, ಲಾಭಾಂಶಗಳ ಮೇಲೆ ಎರಡು ಸಂಸ್ಥಾನಗಳೂ ಪೂರ್ಣತೆರಿಗೆಯನ್ನು ಕೇಳಿದುವು. ಬಡ್ಡಿಗೆ ಹುಟ್ಟಿದ ನೆಲವೆಂಬುದಿಲ್ಲವಾದ ಕಾರಣ ಯಾರೂ ವಜಾ ಕೊಡಲಿಲ್ಲ. ೧೯೯೮ರಲ್ಲಿ ನ್ಯೂಯಾರ್ಕಿನ ಅತ್ಯುಚ್ಚ ನ್ಯಾಯಸ್ಥಾನವು ಇದನ್ನು ಎತ್ತಿಹಿಡಿಯಿತು. ಅದೇ ನ್ಯಾಯಸ್ಥಾನವು ೨೦೧೪ರಲ್ಲಿ ಸ್ವಲ್ಪ ಮೃದುವಾಯಿತು. ಒಬ್ಬನು ತನ್ನ ತಂದೆತಾಯಿಗಳಿಗಾಗಿ ಸ್ಟಾಟನ್ ಐಲೆಂಡಿನಲ್ಲಿ ಮನೆಯನ್ನು ಕೊಂಡು ತಾನು ನ್ಯೂಜೆರ್ಸಿಯಲ್ಲಿದ್ದನು. ತಾನು ವಾಸಮಾಡದ ಮನೆಯು ಮಾಲೀಕನ ವಾಸಸ್ಥಳವಾಗಲಾರದೆಂದು ತೀರ್ಪಾಯಿತು. ಮಾತಾಪಿತೃಗಳಿಗೆ ಆಶ್ರಯ ಕೊಟ್ಟವನಿಗೆ ಇಷ್ಟು ನ್ಯಾಯವನ್ನು ಪಡೆಯಲು ರಾಜ್ಯದ ಕೊನೆಯ ಕೋರ್ಟಿನವರೆಗೆ ಹೋಗಬೇಕಾಯಿತು.

ವಜಾ ಕೊಡುವುದು ಕೇವಲ ಔದಾರ್ಯವೋ ಕರ್ತವ್ಯವೋ ಎಂಬುದಕ್ಕೆ ೨೦೧೫ರ ಮೇ ೧೮ರಂದು ಸುಪ್ರೀಂ ಕೋರ್ಟು ಉತ್ತರವನ್ನು ಕೊಟ್ಟಿತು. ಮೇರಿಲೆಂಡ್ ಸಂಸ್ಥಾನವು ಹೊರಗೆ ಕೊಟ್ಟ ತೆರಿಗೆಯನ್ನು ತನ್ನ ಸಂಸ್ಥಾನದ ಭಾಗದಲ್ಲಿ ವಜಾಮಾಡುತ್ತಿತ್ತು, ಜಿಲ್ಲೆಯ ಭಾಗದಲ್ಲಿ ಮಾಡುತ್ತಿರಲಿಲ್ಲ. ಎಲ್ಲ ಸಂಸ್ಥಾನಗಳೂ ಇದೇ ಶಾಸನವನ್ನು ಮಾಡಿದುವೆಂದು ಕಲ್ಪಿಸಿ ನೋಡಿದರೆ, ಗಡಿ ದಾಟಿ ಗಳಿಸಿದವನಿಗೆ ಮಾತ್ರ ಹೆಚ್ಚು ತೆರಿಗೆಯು ಪ್ರಸಕ್ತವಾಗುತ್ತದೆ. ಆದುದರಿಂದ ಶಾಸನವು ದುಷ್ಟವೆಂದು ನ್ಯಾಯಮೂರ್ತಿ ಅಲೀಟೋ ಬರೆದರು. ನಮ್ಮ ತಾರ್ಕಿಕರ ಪ್ರಸಂಗಾಪಾದನವನ್ನು ಬಲ್ಲವರಿಗೆ ಈ ಯುಕ್ತಿಯು ಪರಿಚಿತವೇ. ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ತನ್ನ ನಿವಾಸಿಯ ಎಲ್ಲ ವರಮಾನದ ಮೇಲೂ ಸಂಸ್ಥಾನಕ್ಕೆ ಹಕ್ಕುಂಟೆಂಬ ಹಳೆಯ ಪಕ್ಷವನ್ನು ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಬಲವಾಗಿ ಮಂಡಿಸಿದರು. ಆ ಭಿನ್ನಾಭಿಪ್ರಾಯವನ್ನು ಓದದೆ ಈ ವಿಷಯದ ಅಧ್ಯಯನವು ಮುಗಿಯದು.

ಇದೇ ತೊಡಕನ್ನು ಕಾನಡಾ ದೇಶವು ಒಂದೇ ವಾಕ್ಯದಿಂದ ಕಡಿದುಹಾಕಿದೆ. ಅಲ್ಲಿ ಸಂಬಳದಾರನು ಡಿಸೆಂಬರ್ ೩೧ರಂದು ಯಾವ ಪ್ರಾಂತದಲ್ಲಿ ನಿವಾಸಿಯೋ ಇಡೀ ವರ್ಷಕ್ಕೂ ಆ ಪ್ರಾಂತದ ತೆರಿಗೆಯೇ. ಹನ್ನೊಂದು ತಿಂಗಳು ರಕ್ಷಣೆ ಕೊಟ್ಟ ಪ್ರಾಂತಕ್ಕೆ ಏನೂ ಇಲ್ಲವೆಂಬ ಅನ್ಯಾಯವನ್ನು ಸೌಲಭ್ಯಕ್ಕಾಗಿ ಸಹಿಸಿಕೊಂಡಿದ್ದಾರೆ.

ನಮ್ಮ ನಾಡಿನಲ್ಲಿಯೂ ಈ ಪ್ರಶ್ನೆಯು ಒಂದು ಕಾಲದಲ್ಲಿ ಜೀವಂತವಾಗಿತ್ತೆಂಬುದನ್ನು ಈಗಿನವರು ಮರೆತಿದ್ದಾರೆ. ಬ್ರಿಟಿಷ್ ಇಂಡಿಯಾದಲ್ಲಿ ೧೯೨೨ರ ಶಾಸನವು ನಡೆಯುತ್ತಿದ್ದಾಗ ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ೧೯೨೩ರ ವರಮಾನ ತೆರಿಗೆಯ ಶಾಸನವಿತ್ತು. ಮೈಸೂರಿನಲ್ಲಿ ಅಂಗಡಿಯೂ ಬೊಂಬಾಯಿ ಅಧಿಪತ್ಯದ ಧಾರವಾಡದಲ್ಲಿ ವ್ಯಾಪಾರವೂ ಇದ್ದವನು ಎರಡು ಪ್ರಭುತ್ವಗಳಿಗೆ ಉತ್ತರ ಹೇಳಬೇಕಾಗಿತ್ತು. ಇಂಥವರ ಇಮ್ಮಡಿ ತೆರಿಗೆಯ ಪರಿಹಾರಕ್ಕಾಗಿ ೧೯೩೯ರಲ್ಲಿ ದೇಶೀಯ ಸಂಸ್ಥಾನಗಳಿಗೆ ಸಂಬಂಧಿಸಿದ ನಿಯಮಗಳು ಹೊರಟುವು. ೧೯೫೦ನೆಯ ಏಪ್ರಿಲ್ ೧ರಿಂದ ಭಾರತದ ವರಮಾನ ತೆರಿಗೆಯ ಶಾಸನವು ಮೈಸೂರಿಗೂ ಹೈದರಾಬಾದಿಗೂ ವ್ಯಾಪಿಸಿದಾಗ ಕನ್ನಡನಾಡಿನ ಭಾಗಗಳೆಲ್ಲ ೧೯೫೬ರ ಏಕೀಕರಣಕ್ಕೆ ಆರು ವರ್ಷ ಮೊದಲೇ ಈ ಒಂದು ಲೆಕ್ಕದಲ್ಲಿ ಸೇರಿಹೋದುವು. ಇಂದು ಬೆಂಗಳೂರಿನಿಂ‌ದ ಹೈದರಾಬಾದಿಗೆ ವರ್ಷಮಧ್ಯದಲ್ಲಿ ಹೋದ ಉದ್ಯೋಗಿಯು ಎರಡನೆಯ ವರಮಾನ ಲೆಕ್ಕಪತ್ರವನ್ನು ಬರೆಯಬೇಕಾಗಿಲ್ಲ. ರಾಜ್ಯಗಳಿಗೆ ಉಳಿದಿರುವುದು ವೃತ್ತಿ ತೆರಿಗೆ. ಅದಕ್ಕೆ ರಾಜ್ಯಾಂಗದ ೨೭೬ನೆಯ ವಿಧಿಯಲ್ಲಿ ವರ್ಷಕ್ಕೆ ೨೫೦ ರೂಪಾಯಿಗಳ ಮಿತಿಯಿದ್ದು ೧೯೮೮ರಲ್ಲಿ ಅದು ೨,೫೦೦ ಆಯಿತು. ವ್ಯವಸಾಯದ ವರಮಾನವನ್ನು ಮಾತ್ರ ರಾಜ್ಯಾಂಗವು ರಾಜ್ಯಗಳ ಕೈಯಲ್ಲೇ ಬಿಟ್ಟಿತು. ಮೈಸೂರು ರಾಜ್ಯವು ಅದಕ್ಕಾಗಿ ೧೯೫೭ರಲ್ಲಿ ಬೇರೆ ಶಾಸನವನ್ನು ಮಾಡಿತು. ಕೊಡಗಿನಲ್ಲಿಯೂ ನೆರೆಯ ಕೇರಳದಲ್ಲಿಯೂ ತೋಟಗಳಿದ್ದವರು ಅಮೆರಿಕನ್ನರಂತೆಯೇ ಎರಡು ರಾಜ್ಯಗಳ ಶಾಸನಗಳನ್ನು ನೋಡಿಕೊಳ್ಳಬೇಕಾಯಿತು.